ಸಮವಸ್ತ್ರ ಕಳಚಿದ ಮೇಲಿನ ದಿನಗಳು: ಸೈನಿಕರ ಆತ್ಮಹತ್ಯೆ ತಡೆಯ ಸಂಶೋಧನೆ ಮನೆಯವರಿಗೆ ಏನು ಹೇಳುತ್ತದೆ?

ಪ್ರಶ್ನೆ: ನನ್ನ ಅಣ್ಣ 17 ವರ್ಷ ಸೇನೆಯಲ್ಲಿದ್ದು, ಹವಾಲ್ದಾರ್ ಆಗಿ ಕಳೆದ ವರ್ಷ ನಿವೃತ್ತಿ ಪಡೆದು ಕೊಡಗಿನ ನಮ್ಮ ಮನೆಗೆ ಬಂದಿದ್ದಾನೆ. ಅವನು ಯುದ್ಧ ಕಂಡವನಲ್ಲ. ಎರಡು ತಿಂಗಳ ಹಿಂದೆ ಅವನ ಹಳೆಯ ಯೂನಿಟ್‌ನ ಗೆಳೆಯರೊಬ್ಬರು ಆತ್ಮಹತ್ಯೆ ಮಾಡಿಕೊಂಡ ಸುದ್ದಿ ಬಂತು. ಅಂದಿನಿಂದ ಅವನಿಗೆ ಸರಿಯಾಗಿ ನಿದ್ದೆಯಿಲ್ಲ, ಕುಡಿತ ಹೆಚ್ಚಿದೆ. "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಎಂದು ಒಮ್ಮೆ ಅತ್ತಿಗೆಯ ಎದುರು ಅಂದನಂತೆ. ಅಮೆರಿಕದಲ್ಲಿ ಸೈನಿಕರ ಆತ್ಮಹತ್ಯೆ ತಡೆಯಲು ದೊಡ್ಡ ಮಟ್ಟದ ಸಂಶೋಧನೆ ನಡೆದಿದೆ ಎಂದು ಓದಿದ್ದೇನೆ. ಅವರು ಕಂಡುಕೊಂಡಿದ್ದೇನು? ಅದರಿಂದ ನಮಗೇನಾದರೂ ಪ್ರಯೋಜನವಿದೆಯೇ? ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುವುದಿಲ್ಲವೇ?

ಉತ್ತರ: ನಿಮ್ಮ ಪತ್ರದಲ್ಲಿ ಅತ್ತಿಗೆಯವರು ಕೇಳಿಸಿಕೊಂಡ ಆ ಒಂದು ಮಾತಿನ ಬಳಿ ನಾನು ಬಹಳ ಹೊತ್ತು ನಿಂತೆ. ಆದ್ದರಿಂದ ಸಂಶೋಧನೆಯ ವಿಚಾರಕ್ಕೆ ಹೋಗುವ ಮೊದಲೇ ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ. ಕೇಳಿ, ಇವತ್ತೇ ಕೇಳಿ. "ಅಣ್ಣಾ, ಸಾಯಬೇಕು ಅಂತ ಅನ್ನಿಸುತ್ತಿದೆಯಾ?" ಎಂದು ಮೆಲ್ಲಗೆ, ಆದರೆ ಸುತ್ತುಬಳಸದೆ ಕೇಳಿ. ಹೀಗೆ ಕೇಳುವುದರಿಂದ ಆತ್ಮಹತ್ಯೆಯ ಯೋಚನೆ ಹುಟ್ಟುತ್ತದೆಯೇ ಎಂಬುದನ್ನು ಬೇರೆ ಬೇರೆ ದೇಶಗಳಲ್ಲಿ, ಬೇರೆ ಬೇರೆ ವಯಸ್ಸಿನವರಲ್ಲಿ ಪರೀಕ್ಷಿಸಿ ನೋಡಲಾಗಿದೆ; ಹುಟ್ಟುತ್ತದೆ ಎಂಬುದಕ್ಕೆ ಆಧಾರ ಸಿಕ್ಕಿಲ್ಲ. ಮನಸ್ಸಿನಲ್ಲಿ ಆ ಯೋಚನೆಯನ್ನು ಒಬ್ಬನೇ ಹೊತ್ತುಕೊಂಡಿದ್ದವನಿಗೆ ಯಾರಾದರೂ ಕೇಳಿದರೆ ಎಷ್ಟೋ ಸಲ ಉಸಿರು ಹಗುರವಾಗುತ್ತದೆ ಎಂಬುದನ್ನು ನನ್ನ ಸಲಹಾ ಕೊಠಡಿಯಲ್ಲಿಯೂ ಕಂಡಿದ್ದೇನೆ.

ಇನ್ನು ಸಂಶೋಧನೆಯ ವಿಚಾರ. ಅಮೆರಿಕದ ಭೂಸೇನೆಯಲ್ಲಿ ಆತ್ಮಹತ್ಯೆಯ ಪ್ರಮಾಣ ಬಹುಕಾಲ ಅಲ್ಲಿನ ನಾಗರಿಕರಿಗಿಂತ ಕಡಿಮೆಯೇ ಇತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದ ಯುದ್ಧಗಳ ಕಾಲದಲ್ಲಿ, 2004ರ ನಂತರ, ಅದು ಏರತೊಡಗಿ 2008ರ ಹೊತ್ತಿಗೆ ನಾಗರಿಕರ ಪ್ರಮಾಣವನ್ನೇ ದಾಟಿತು. ಆಗ ಎರಡು ದೊಡ್ಡ ಪ್ರಯತ್ನಗಳು ಶುರುವಾದವು. ಒಂದು, 2009ರಲ್ಲಿ ಭೂಸೇನೆ ಮತ್ತು ಅಲ್ಲಿನ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಜೊತೆಗೂಡಿ ಆರಂಭಿಸಿದ 'ಆರ್ಮಿ ಸ್ಟಾರ್ಸ್' ಎಂಬ ಅಧ್ಯಯನ. ಇನ್ನೊಂದು, 2010ರಲ್ಲಿ ರಕ್ಷಣಾ ಇಲಾಖೆಯ ಹಣದಿಂದ ಆರಂಭವಾದ 'ಮಿಲಿಟರಿ ಸುಸೈಡ್ ರಿಸರ್ಚ್ ಕನ್ಸಾರ್ಟಿಯಂ'. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಥಾಮಸ್ ಜಾಯ್ನರ್ ಮತ್ತು ಡೆನ್ವರ್‌ನ ಮಾಜಿ ಸೈನಿಕರ ಆಸ್ಪತ್ರೆಯ ಪೀಟರ್ ಗುಟೇರಸ್ ಇದರ ನೇತೃತ್ವ ವಹಿಸಿದರು. ಈ ಒಕ್ಕೂಟ ಮಾಡಿದ ಒಂದು ಕೆಲಸ ಹೊರನೋಟಕ್ಕೆ ಸಣ್ಣದೆನಿಸಿದರೂ ನನ್ನ ದೃಷ್ಟಿಯಲ್ಲಿ ಬಹಳ ದೊಡ್ಡದು: ತನ್ನಿಂದ ಹಣ ಪಡೆಯುವ ಪ್ರತಿಯೊಂದು ಅಧ್ಯಯನವೂ ಕೆಲವು ಸಮಾನ ಪ್ರಶ್ನೆಗಳನ್ನು ಒಂದೇ ಮಾತುಗಳಲ್ಲಿ ಕೇಳಬೇಕೆಂದು ಅದು ಗೊತ್ತುಮಾಡಿತು. ಆತ್ಮಹತ್ಯೆ ಒಂದೊಂದು ಊರಿನಲ್ಲಿ, ಒಂದೊಂದು ಘಟಕದಲ್ಲಿ ಅಪರೂಪದ ಘಟನೆ. ಚದುರಿಹೋದ ಸಣ್ಣ ಅಧ್ಯಯನಗಳನ್ನು ಹೀಗೆ ಒಂದುಗೂಡಿಸಿದಾಗಲೇ ನಂಬಬಹುದಾದ ಉತ್ತರ ಸಿಗುತ್ತದೆ.

ಹಾಗೆ ಸಿಕ್ಕ ಮೊದಲ ಉತ್ತರ ನಿಮ್ಮ ಪತ್ರಕ್ಕೆ ನೇರವಾಗಿ ಸಂಬಂಧಿಸಿದ್ದು. "ಅವನು ಯುದ್ಧ ಕಂಡವನಲ್ಲ" ಎಂದು ನೀವು ಬರೆದಿರುವುದರ ಹಿಂದೆ, ಯುದ್ಧ ಕಾಣದವನಿಗೆ ಇಂಥದ್ದು ಬರಬಾರದಲ್ಲ ಎಂಬ ಗೊಂದಲವಿದೆ. ಸಂಶೋಧಕರೂ ಮೊದಲು ಹಾಗೆಯೇ ಊಹಿಸಿದ್ದರು. 2013ರಲ್ಲಿ ಪ್ರಕಟವಾದ, 1,51,560 ಸೈನಿಕರನ್ನು ವರ್ಷಗಳ ಕಾಲ ಅನುಸರಿಸಿದ ಅಧ್ಯಯನವೊಂದು ಯುದ್ಧಭೂಮಿಗೆ ಹೋದದ್ದಕ್ಕೂ ಆತ್ಮಹತ್ಯೆಗೂ ನಂಟು ಕಾಣಲಿಲ್ಲ. ನಂಟು ಕಂಡದ್ದು ಖಿನ್ನತೆ, ಉನ್ಮಾದ-ಖಿನ್ನತೆಯ ಕಾಯಿಲೆ ಮತ್ತು ವಿಪರೀತ ಕುಡಿತದೊಂದಿಗೆ. ಎರಡು ವರ್ಷಗಳ ನಂತರ ಮಾರ್ಕ್ ರೆಗರ್ ಮತ್ತು ಸಂಗಡಿಗರು 39 ಲಕ್ಷ ಸೈನಿಕರ ದಾಖಲೆಗಳನ್ನು ಪರಿಶೀಲಿಸಿದಾಗಲೂ ಯುದ್ಧ ನಿಯೋಜನೆಯ ಜೊತೆ ನಂಟು ಸಿಗಲಿಲ್ಲ. ಆದರೆ ಸೇವೆಯಿಂದ ಹೊರಬಂದವರಲ್ಲಿ ಆತ್ಮಹತ್ಯೆಯ ಪ್ರಮಾಣ ಹೆಚ್ಚಿತ್ತು. ನಾಲ್ಕು ವರ್ಷವೂ ತುಂಬದೆ ಹೊರಬಂದವರಲ್ಲಿ ಇನ್ನೂ ಹೆಚ್ಚು. ಬ್ರಿಟನ್ನಿನಲ್ಲಿ 1996ರಿಂದ 2005ರವರೆಗೆ ಸೇನೆ ಬಿಟ್ಟ ಎರಡು ಲಕ್ಷ ಮೂವತ್ತು ಸಾವಿರಕ್ಕೂ ಹೆಚ್ಚು ಜನರ ಅಧ್ಯಯನವೂ 24 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಯುವಕರಲ್ಲಿ ಅಪಾಯ ಅದೇ ವಯಸ್ಸಿನ ನಾಗರಿಕರಿಗಿಂತ ಎರಡು-ಮೂರು ಪಟ್ಟು ಇತ್ತೆಂದು ತೋರಿಸಿತು.

ಅಪಾಯ ಅಡಗಿರುವುದು ದಾಟುವ ಹೊತ್ತುಗಳಲ್ಲಿ. ಈ ಹದಿನೈದು ವರ್ಷಗಳ ಸಂಶೋಧನೆಯಿಂದ ನಾನು ಕಲಿತ ಮುಖ್ಯ ಸಂಗತಿ ಅದು. ಸ್ಟಾರ್ಸ್ ಅಧ್ಯಯನದವರು ಆತ್ಮಹತ್ಯಾ ಪ್ರಯತ್ನಗಳನ್ನು ತಿಂಗಳುವಾರು ಲೆಕ್ಕ ಹಾಕಿದಾಗ, ಯುದ್ಧಭೂಮಿಗೆ ಹೋಗದೆ ಇದ್ದ ಸಾಮಾನ್ಯ ಸೈನಿಕರಲ್ಲಿ ಅದು ಸೇನೆ ಸೇರಿದ ಎರಡನೇ ತಿಂಗಳಲ್ಲಿ, ಯುದ್ಧಭೂಮಿಯಿಂದ ಮರಳಿದವರಲ್ಲಿ ಮರಳಿದ ಐದನೇ ತಿಂಗಳಲ್ಲಿ ತುದಿಗೇರಿತ್ತು. ಮಾನಸಿಕ ಕಾಯಿಲೆಗಾಗಿ ಆಸ್ಪತ್ರೆ ಸೇರಿ ಮನೆಗೆ ಹೋದ ನಂತರದ ಒಂದು ವರ್ಷವಂತೂ ಬಹಳ ಎಚ್ಚರ ಬೇಡುವ ಕಾಲ: ರೊನಾಲ್ಡ್ ಕೆಸ್ಲರ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಇಡೀ ಭೂಸೇನೆಯಲ್ಲಿ ವರ್ಷಕ್ಕೆ ಲಕ್ಷಕ್ಕೆ 18.5 ಇದ್ದ ಪ್ರಮಾಣ ಈ ಗುಂಪಿನಲ್ಲಿ 263.9 ಇತ್ತು. ನಮ್ಮಲ್ಲಿಯೂ ಕೇಂದ್ರ ಸಶಸ್ತ್ರ ಪೊಲೀಸ್ ಪಡೆಗಳ ಬಗ್ಗೆ ಗೃಹ ಇಲಾಖೆ 2024ರ ಡಿಸೆಂಬರ್‌ನಲ್ಲಿ ರಾಜ್ಯಸಭೆಗೆ ಕೊಟ್ಟ ಮಾಹಿತಿಯಲ್ಲಿ, ಐದು ವರ್ಷಗಳಲ್ಲಿ 730 ಸಿಬ್ಬಂದಿ ಆತ್ಮಹತ್ಯೆಯಿಂದ ತೀರಿಕೊಂಡಿದ್ದು, ಅವುಗಳಲ್ಲಿ 80 ಶೇಕಡಾಕ್ಕೂ ಹೆಚ್ಚು ರಜೆ ಮುಗಿಸಿ ಕರ್ತವ್ಯಕ್ಕೆ ಮರಳಿದ ನಂತರ ನಡೆದವು ಎಂದಿತ್ತು. ಮನೆಯ ಹೊಸಿಲು ದಾಟಿ ರೈಲು ಹತ್ತಿ ಮತ್ತೆ ಬ್ಯಾರಕ್ಕಿಗೆ ಬಂದು ಮಲಗುವ ಆ ಮೊದಲ ವಾರಗಳನ್ನು ನೆನೆದರೆ, ಮನೆಯಲ್ಲಿ ಬಿಟ್ಟುಬಂದ ಸಾಲ, ಜಗಳ, ಮಕ್ಕಳ ಶಾಲೆ, ಹಿರಿಯರ ಕಾಯಿಲೆಗಳು ಎಷ್ಟು ಭಾರವಾಗಿರುತ್ತವೆ ಎಂಬುದು ತಾನಾಗಿ ಅರ್ಥವಾಗುತ್ತದೆ.

ನಿವೃತ್ತಿಯೂ ಅಂಥದೇ ದಾಟು. ಬೆಳಗಿನ ಪಿ.ಟಿ.ಯಿಂದ ರಾತ್ರಿಯ ರೋಲ್‌ಕಾಲ್‌ವರೆಗೆ ದಿನದ ಪ್ರತಿ ಗಂಟೆಗೂ ಒಂದು ಕೆಲಸ, ಹೆಸರಿನ ಹಿಂದೆ ಒಂದು ಹುದ್ದೆ, ಪಕ್ಕದ ಮಂಚದಲ್ಲಿ ಒಬ್ಬ ಜೊತೆಗಾರ ಇದ್ದವನಿಗೆ, ಮೂವತ್ತೊಂಬತ್ತು ನಲವತ್ತರ ವಯಸ್ಸಿನಲ್ಲಿ ಅದೆಲ್ಲ ಒಂದೇ ದಿನದಲ್ಲಿ ಇಲ್ಲವಾಗುತ್ತದೆ. ಥಾಮಸ್ ಜಾಯ್ನರ್ ಅವರ ಸಿದ್ಧಾಂತ ಇದನ್ನು ವಿವರಿಸುತ್ತದೆ. ಮನುಷ್ಯನಲ್ಲಿ ಸಾಯುವ ಬಯಕೆ ಬಲಿಯುವುದು ಎರಡು ಭಾವನೆಗಳು ಒಟ್ಟಿಗೆ ಕೂಡಿದಾಗ ಎನ್ನುತ್ತಾರೆ ಅವರು: ನಾನು ಯಾರಿಗೂ ಸೇರಿದವನಲ್ಲ ಎಂಬುದು ಒಂದು, ನಾನು ನನ್ನವರಿಗೆ ಹೊರೆ ಎಂಬುದು ಇನ್ನೊಂದು. ಇವುಗಳ ಜೊತೆಗೆ ನೋವಿಗೂ ಸಾವಿಗೂ ಹೆದರದ ಅಭ್ಯಾಸವೂ ಸೇರಿಕೊಂಡಾಗ ಅಪಾಯ ತೀವ್ರವಾಗುತ್ತದೆ. ಸೈನಿಕನಿಗೆ ಆ ಮೂರನೆಯದನ್ನು ವೃತ್ತಿಯೇ ಕಲಿಸಿರುತ್ತದೆ. "ನಾನಿಲ್ಲದಿದ್ದರೆ ನಿಮಗೆಲ್ಲ ಹಗುರ" ಎಂಬ ನಿಮ್ಮ ಅಣ್ಣನ ಮಾತಿಗೆ ನಾನು ಏಕೆ ಅಷ್ಟು ಬೆಲೆ ಕೊಟ್ಟೆ ಎಂಬುದು ಈಗ ನಿಮಗೆ ತಿಳಿದಿರಬಹುದು. ಅದು ಬೇಸರಕ್ಕೆ ಆಡಿದ ಮಾತು ಎಂದು ದಯವಿಟ್ಟು ಬಿಟ್ಟುಬಿಡಬೇಡಿ. ಗೆಳೆಯನ ಸಾವಿನ ಸುದ್ದಿಯನ್ನೂ ಹಾಗೆಯೇ ಕಾಣಬೇಕು. ಒಂದು ಘಟಕದಲ್ಲಿ ಯಾರಾದರೂ ಆತ್ಮಹತ್ಯೆಗೆ ಯತ್ನಿಸಿದರೆ ಮುಂದಿನ ದಿನಗಳಲ್ಲಿ ಅದೇ ಘಟಕದ ಇತರರಲ್ಲೂ ಅಪಾಯ ಏರುತ್ತದೆ ಎಂದು ಸ್ಟಾರ್ಸ್ ಅಧ್ಯಯನ 2017ರಲ್ಲಿ ತೋರಿಸಿದೆ.

ಹಾಗಾದರೆ ಯಾವುದು ಕೆಲಸ ಮಾಡುತ್ತದೆ? ಇಲ್ಲಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ನಿಮಗೆ ಉಪಯೋಗಕ್ಕೆ ಬರುವುದು ಇದೇ.

ಕೊಲೊರಾಡೊ ರಾಜ್ಯದ ಫೋರ್ಟ್ ಕಾರ್ಸನ್ ಎಂಬ ಸೇನಾ ನೆಲೆಯಲ್ಲಿ ಡೇವಿಡ್ ರಡ್ ಮತ್ತು ಕ್ರೇಗ್ ಬ್ರಯನ್ ಎಂಬ ಮನಶ್ಶಾಸ್ತ್ರಜ್ಞರು ಎರಡು ಮುಖ್ಯ ಪ್ರಯೋಗಗಳನ್ನು ನಡೆಸಿದರು. ಮೊದಲನೆಯದು 2015ರಲ್ಲಿ ಪ್ರಕಟವಾಯಿತು. ಆತ್ಮಹತ್ಯೆಗೆ ಯತ್ನಿಸಿದ್ದ ಅಥವಾ ಗಂಭೀರವಾಗಿ ಯೋಚಿಸಿದ್ದ 152 ಸೈನಿಕರಲ್ಲಿ ಅರ್ಧದಷ್ಟು ಜನರಿಗೆ ಎಂದಿನ ಚಿಕಿತ್ಸೆಯ ಜೊತೆಗೆ, ಸುಮಾರು ಹನ್ನೆರಡು ಭೇಟಿಗಳಲ್ಲಿ ಮುಗಿಯುವ ಸಂಕ್ಷಿಪ್ತ ಚಿಂತನಾ-ವರ್ತನಾ ಚಿಕಿತ್ಸೆಯನ್ನೂ (ಯೋಚನೆ ಮತ್ತು ನಡವಳಿಕೆಯ ರೂಢಿಗಳನ್ನು ಬದಲಿಸಲು ಕಲಿಸುವ ಮಾತಿನ ಚಿಕಿತ್ಸೆ) ಕೊಡಲಾಯಿತು. ಎರಡು ವರ್ಷಗಳಲ್ಲಿ ಮತ್ತೆ ಯತ್ನಿಸಿದವರು ಈ ಗುಂಪಿನಲ್ಲಿ 13.8 ಶೇಕಡಾ, ಇನ್ನೊಂದರಲ್ಲಿ 40.2 ಶೇಕಡಾ. ಎರಡನೆಯ ಪ್ರಯೋಗ 2017ರದು, ಇನ್ನೂ ಸರಳವಾದದ್ದು. ಸಂಕಟದಲ್ಲಿ ಬಂದ 97 ಸೈನಿಕರಲ್ಲಿ ಕೆಲವರಿಂದ ಅಲ್ಲಿಯವರೆಗೆ ರೂಢಿಯಲ್ಲಿದ್ದಂತೆ "ನಾನು ಆತ್ಮಹತ್ಯೆ ಮಾಡಿಕೊಳ್ಳುವುದಿಲ್ಲ" ಎಂಬ ಮಾತು ಪಡೆಯಲಾಯಿತು. ಉಳಿದವರು ತಜ್ಞರ ಜೊತೆ ಕುಳಿತು ಒಂದು ಸಣ್ಣ ರಟ್ಟಿನ ಚೀಟಿಯ ಮೇಲೆ ತಮ್ಮ ಕೈಯಾರೆ ಒಂದು ಯೋಜನೆ ಬರೆದುಕೊಂಡರು. ಆರು ತಿಂಗಳಲ್ಲಿ ಮಾತು ಕೊಟ್ಟವರ ಪೈಕಿ 19 ಶೇಕಡಾ ಜನ ಆತ್ಮಹತ್ಯೆಗೆ ಯತ್ನಿಸಿದರು. ಚೀಟಿ ಬರೆದವರಲ್ಲಿ 5 ಶೇಕಡಾ.

ನಮ್ಮ ಮನೆಗಳಲ್ಲಿ ಈ "ಮಾತು ಪಡೆಯುವುದು" ಆಣೆಯ ರೂಪದಲ್ಲಿದೆ. ಮಗುವಿನ ತಲೆಯ ಮೇಲೆ ಕೈ ಇಡಿಸಿ, ದೇವರ ಮುಂದೆ ನಿಲ್ಲಿಸಿ, "ಇನ್ನೆಂದೂ ಹಾಗೆ ಯೋಚಿಸುವುದಿಲ್ಲ ಎಂದು ಆಣೆ ಮಾಡು" ಎನ್ನುತ್ತೇವೆ. ಹೇಳುವವರ ಪ್ರೀತಿಯನ್ನು ನಾನು ಅನುಮಾನಿಸುವುದಿಲ್ಲ. ಆದರೆ ಆಣೆ ಏನು ಮಾಡಬಾರದು ಎಂಬುದನ್ನು ಹೇಳುತ್ತದೆಯೇ ಹೊರತು, ನಡುರಾತ್ರಿ ಎರಡು ಗಂಟೆಗೆ ಎದೆ ಬಿಗಿದು ಕೂತಾಗ ಏನು ಮಾಡಬೇಕು ಎಂಬುದನ್ನು ಹೇಳುವುದಿಲ್ಲ. ಮೇಲಾಗಿ, ಮತ್ತೆ ಆ ಯೋಚನೆ ಬಂದಾಗ ಆಣೆ ಮುರಿದ ಅಪರಾಧಿ ಭಾವವೂ ಸೇರಿ, ಮನೆಯವರಿಗೆ ಹೇಳುವ ಬಾಯಿಯೇ ಕಟ್ಟಿಹೋಗುತ್ತದೆ. ಆದ್ದರಿಂದ ಅಣ್ಣನಿಂದ ಆಣೆ ಮಾಡಿಸಬೇಡಿ. ಚೀಟಿ ಬರೆಸಿ.

ಅದು ಹೇಗಿರುತ್ತದೆ ಎಂಬುದನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ನನ್ನಲ್ಲಿಗೆ ಬಂದಿದ್ದ ಮಾಜಿ ಸೈನಿಕರೊಬ್ಬರ ಚೀಟಿ ಇದು; ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಮೊದಲು ಅವರು ಆ ಕೆಟ್ಟ ರಾತ್ರಿಯ ಕಥೆಯನ್ನು ಆರಂಭದಿಂದ ಕೊನೆಯವರೆಗೆ ಹೇಳಿದರು, ನಾನು ನಡುವೆ ಬಾಯಿ ಹಾಕದೆ ಕೇಳಿದೆ. ಆಮೇಲೆ ಪೆನ್ನು ಅವರ ಕೈಗೆ ಕೊಟ್ಟೆ. ಸಂಕಟ ಶುರುವಾಗುವ ಗುರುತುಗಳ ಕೆಳಗೆ ಅವರು ಬರೆದದ್ದು: "ಊಟ ಬೇಡ ಅನಿಸುವುದು. ಫೋನ್ ಸ್ವಿಚ್ ಆಫ್ ಮಾಡುವುದು. ಟ್ರಂಕ್ ತೆಗೆದು ಹಳೇ ಸಾಮಾನು ನೋಡುತ್ತಾ ಕೂರುವುದು." ಒಬ್ಬನೇ ಇದ್ದಾಗ ಮಾಡಬಹುದಾದ ಕೆಲಸಗಳ ಕೆಳಗೆ: "ಕೊಟ್ಟಿಗೆಗೆ ಹೋಗಿ ಹಸುವಿನ ಮೈ ಉಜ್ಜುವುದು. ತಣ್ಣೀರು ಸ್ನಾನ." ಬದುಕಲು ಇರುವ ಕಾರಣಗಳ ಕೆಳಗೆ ಬಹಳ ಹೊತ್ತು ಏನೂ ಬರೆಯಲಿಲ್ಲ, ಕೊನೆಗೆ "ಮಗಳ ಹತ್ತನೇ ಕ್ಲಾಸು" ಎಂದು ಬರೆದರು. ನಂತರ ಇಬ್ಬರ ಹೆಸರು, ನಂಬರು: ಒಬ್ಬರು ಭಾವಮೈದುನ, ಇನ್ನೊಬ್ಬರು ಹಳೆಯ ಸುಬೇದಾರ್ ಸಾಹೇಬರು. ಆಮೇಲೆ ನನ್ನ ನಂಬರು, ಸಹಾಯವಾಣಿ, ಹತ್ತಿರದ ಆಸ್ಪತ್ರೆ. ಒಟ್ಟು ಅರ್ಧ ಗಂಟೆಯ ಕೆಲಸ. ಚೀಟಿಯನ್ನು ಅವರು ಕ್ಯಾಂಟೀನ್ ಕಾರ್ಡಿನ ಹಿಂದೆ ಇಟ್ಟುಕೊಂಡರು. ಗಮನಿಸಿ, ಆ ಸಾಲುಗಳಲ್ಲಿ ಒಂದೂ ನನ್ನದಲ್ಲ. ನಾನು ಹೇಳಿ ಬರೆಸಿದ್ದರೆ "ಧ್ಯಾನ, ಯೋಗ, ಸಂಗೀತ" ಎಂದು ಬರೆಸುತ್ತಿದ್ದೆನೇನೋ, ಅವು ಆ ರಾತ್ರಿ ಅವರ ಕೈಗೆ ಸಿಗುತ್ತಿರಲಿಲ್ಲ.

ಇದೇ ಬಗೆಯ ಇನ್ನೊಂದು ಯೋಜನೆಯನ್ನು ಬಾರ್ಬರಾ ಸ್ಟ್ಯಾನ್ಲಿ ಮತ್ತು ಗ್ರೆಗರಿ ಬ್ರೌನ್ ಅವರು ಮಾಜಿ ಸೈನಿಕರ ಆಸ್ಪತ್ರೆಗಳ ತುರ್ತು ವಿಭಾಗಗಳಲ್ಲಿ ಪರೀಕ್ಷಿಸಿದರು. ಒಂಬತ್ತು ಆಸ್ಪತ್ರೆಗಳು, 1,640 ಮಂದಿ. ಐದು ಆಸ್ಪತ್ರೆಗಳಲ್ಲಿ ಯೋಜನೆ ಬರೆಸಿ ಕಳುಹಿಸಿದ್ದಲ್ಲದೆ ಆಮೇಲೆ ಫೋನ್ ಮಾಡಿ ವಿಚಾರಿಸುತ್ತಿದ್ದರು. 2018ರಲ್ಲಿ ಹೊರಬಂದ ಫಲಿತಾಂಶದಂತೆ, ಆರು ತಿಂಗಳಲ್ಲಿ ಅವರಲ್ಲಿ ಆತ್ಮಹತ್ಯಾ ವರ್ತನೆ ಇತರ ಆಸ್ಪತ್ರೆಗಳಿಗಿಂತ 45 ಶೇಕಡಾ ಕಡಿಮೆಯಿತ್ತು. ಆ ಫೋನ್ ಕರೆಗಳನ್ನು ನಾನು ಔಷಧಿಯಷ್ಟೇ ಮುಖ್ಯವೆಂದು ಎಣಿಸುತ್ತೇನೆ. ನೀವು ದೂರದಲ್ಲಿದ್ದರೂ ಮಾಡಬಹುದಾದ ಕೆಲಸ ಅದು: ವಾರಕ್ಕೆರಡು ಸಲ, ಗೊತ್ತಾದ ಹೊತ್ತಿಗೆ, ಉಪದೇಶವಿಲ್ಲದೆ, "ಊಟ ಆಯ್ತಾ, ನಿದ್ದೆ ಬಂತಾ" ಎಂದು ಕೇಳುವ ಒಂದು ಕರೆ.

ಎಲ್ಲ ಪ್ರಯೋಗಗಳೂ ಫಲ ಕೊಟ್ಟಿವೆ ಎಂದು ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ಬಹಳ ಭರವಸೆ ಇಟ್ಟುಕೊಂಡಿದ್ದ ಲಿಥಿಯಂ ಮಾತ್ರೆಯನ್ನು 519 ಮಾಜಿ ಸೈನಿಕರಲ್ಲಿ ಪರೀಕ್ಷಿಸಿದಾಗ ಔಷಧಿಯಿಲ್ಲದ ಬರಿಯ ಗುಳಿಗೆಗಿಂತ ಹೆಚ್ಚಿನ ಪ್ರಯೋಜನ ಕಾಣದೆ ಪ್ರಯೋಗವನ್ನೇ ನಿಲ್ಲಿಸಬೇಕಾಯಿತು. ಮಾಜಿ ಸೈನಿಕರ ಆಸ್ಪತ್ರೆಗಳ ದಾಖಲೆಗಳನ್ನು ಕಂಪ್ಯೂಟರ್ ಲೆಕ್ಕಕ್ಕೆ ಒಡ್ಡಿ ಅತಿ ಹೆಚ್ಚು ಅಪಾಯವಿರುವ ಸಾವಿರಕ್ಕೊಬ್ಬರನ್ನು ಗುರುತಿಸುವ 'ರೀಚ್ ವೆಟ್' ಕಾರ್ಯಕ್ರಮ 2017ರಲ್ಲಿ ಶುರುವಾಯಿತು. ಗುರುತಿಸಲ್ಪಟ್ಟವರು ವೈದ್ಯರ ಬಳಿ ಹೆಚ್ಚು ಹೋದರು, ದಾಖಲಾದ ಪ್ರಯತ್ನಗಳು ಇಳಿದವು, ಆದರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ವಾಯುಸೇನೆ 1996ರಲ್ಲಿ ಆರಂಭಿಸಿದ ಕಾರ್ಯಕ್ರಮದ ಕಥೆ ಇನ್ನೊಂದು ಪಾಠ ಕಲಿಸುತ್ತದೆ. ಅಧಿಕಾರಿಗಳೇ ಮುಂದೆ ನಿಂತು "ಸಹಾಯ ಕೇಳುವುದು ಬಲದ ಲಕ್ಷಣ" ಎಂದು ಸಾರಿದ ಆ ಯೋಜನೆಯಿಂದ ಆತ್ಮಹತ್ಯೆಯ ಅಪಾಯ 33 ಶೇಕಡಾ ತಗ್ಗಿತು. 2004ರಲ್ಲಿ, ಕಾರ್ಯಕ್ರಮ ಮೊದಲಿನಷ್ಟು ಬಿಗಿಯಾಗಿ ನಡೆಯದ ಕಾಲದಲ್ಲಿ, ಪ್ರಮಾಣ ಮತ್ತೆ ಏರಿತು. ಒಮ್ಮೆ ಶಿಬಿರ ಮಾಡಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ.

ಈಗ, ಬರೆಯಲು ಕಷ್ಟವಾದರೂ ಬಿಡಲಾಗದ ಮಾತು. ಆತ್ಮಹತ್ಯೆಯ ತೀವ್ರ ಒತ್ತಡ ಅನೇಕರಲ್ಲಿ ಕೆಲವು ನಿಮಿಷ, ಕೆಲವು ಗಂಟೆ ಇದ್ದು ಇಳಿಯುತ್ತದೆ. ಆ ಹೊತ್ತಿನಲ್ಲಿ ಪ್ರಾಣಾಪಾಯದ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಇಸ್ರೇಲ್ ಸೇನೆ 2006ರಲ್ಲಿ, ವಾರದ ಕೊನೆಗೆ ಮನೆಗೆ ಹೋಗುವ ಯುವ ಸೈನಿಕರು ಬಂದೂಕನ್ನು ನೆಲೆಯಲ್ಲಿಯೇ ಬಿಟ್ಟುಹೋಗಬೇಕೆಂಬ ನಿಯಮ ತಂದ ಮೇಲೆ ಆತ್ಮಹತ್ಯೆಗಳು ಸುಮಾರು 40 ಶೇಕಡಾ ಇಳಿದವು. ಇಳಿಕೆ ಕಂಡದ್ದು ವಾರಾಂತ್ಯದಲ್ಲಿ. ವಾರದ ಉಳಿದ ದಿನಗಳಲ್ಲಿ ಗಮನಾರ್ಹ ಬದಲಾವಣೆ ಇರಲಿಲ್ಲ, ಅಂದರೆ ವಾರಾಂತ್ಯದಲ್ಲಿ ತಪ್ಪಿದ್ದು ಬೇರೆ ದಿನಕ್ಕೆ ಹೋಗಿ ಸೇರಲಿಲ್ಲ. ಅಮೆರಿಕದಲ್ಲಿ 2022ರಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ 6,407 ಮಾಜಿ ಸೈನಿಕರಲ್ಲಿ 73.5 ಶೇಕಡಾ ಸಾವುಗಳಲ್ಲಿ ಬಂದೂಕಿನ ಪಾತ್ರವಿತ್ತು. ನೀವು ಕೊಡಗಿನವರು. ಕೋವಿ ನಿಮ್ಮಲ್ಲಿ ಪೂಜೆಗೆ ಸಲ್ಲುವ ವಸ್ತು, ಮನೆತನದ ಗೌರವ; ಅದನ್ನು ನಾನು ಮನಸಾರೆ ಗೌರವಿಸುತ್ತೇನೆ. ಆದರೂ ಮನೆಯಲ್ಲಿ ಕೋವಿ ಇದ್ದರೆ, ಅಣ್ಣನ ಮನಸ್ಸು ಹಗುರವಾಗುವವರೆಗೆ ಅದು ಮನೆಯಿಂದ ಹೊರಗಿರಲಿ. ಚುನಾವಣೆಯ ಸಮಯದಲ್ಲಿ ಠಾಣೆಗೆ ಒಪ್ಪಿಸಿ ಆಮೇಲೆ ಮರಳಿ ಪಡೆಯುವುದು ನಿಮ್ಮವರಿಗೆ ಹೊಸದಲ್ಲ; ಅದೇ ರೀತಿ ಕಾನೂನು ಒಪ್ಪುವ ಕಡೆ ಇಡಲು ಮನೆಯ ಹಿರಿಯರೊಬ್ಬರು ಮುಂದಾಗಲಿ. ಸಾಧ್ಯವಾದರೆ ಅಣ್ಣನಿಗೆ ತಿಳಿಸಿ, ಅವನ ಒಪ್ಪಿಗೆಯಿಂದಲೇ ಮಾಡಿ: "ನಿನ್ನ ಮೇಲೆ ಅಪನಂಬಿಕೆಯಲ್ಲ, ಆ ಕೆಟ್ಟ ಹೊತ್ತಿನ ಮೇಲೆ ಅಪನಂಬಿಕೆ" ಎಂದು ಹೇಳಬಹುದು. ತೋಟಕ್ಕೆ ಹೊಡೆಯುವ ಔಷಧಿ, ಮನೆಯಲ್ಲಿ ಉಳಿದ ಮಾತ್ರೆಗಳಿಗೂ ಇದೇ ಮಾತು.

ಚಿಕಿತ್ಸೆಯ ಬಗ್ಗೆ ಮಾಜಿ ಸೈನಿಕರಲ್ಲಿ ಒಂದು ವಿಶೇಷ ಹಿಂಜರಿಕೆ ಇರುತ್ತದೆ. ಸೇವೆಯಲ್ಲಿದ್ದಾಗ ಮನೋವೈದ್ಯರ ಬಳಿ ಹೋದರೆ ಮೆಡಿಕಲ್ ಕೆಟಗರಿ, ಅಂದರೆ ಸೇನೆ ಕೊಡುವ ಆರೋಗ್ಯದ ದರ್ಜೆ, ಇಳಿಯುತ್ತದೆ, ಬಡ್ತಿ ತಪ್ಪುತ್ತದೆ ಎಂಬ ಭಯ ವರ್ಷಗಟ್ಟಲೆ ಮೈಗೂಡಿರುತ್ತದೆ. ನಿವೃತ್ತಿಯ ನಂತರ ಕಾರಣ ಉಳಿಯದಿದ್ದರೂ ಭಯ ಉಳಿಯುತ್ತದೆ. ಈಗ ಅವನ ಕೆಟಗರಿಯನ್ನು ಯಾರೂ ನೋಡುವುದಿಲ್ಲ ಎಂಬುದನ್ನು ಅವನಿಗೆ ಬಿಡಿಸಿ ಹೇಳಿ. ಮಾಜಿ ಸೈನಿಕರ ಆರೋಗ್ಯ ಯೋಜನೆಯಾದ ಇ.ಸಿ.ಎಚ್.ಎಸ್. ಸದಸ್ಯತ್ವವಿದ್ದರೆ ಅಲ್ಲಿನ ಪಾಲಿಕ್ಲಿನಿಕ್‌ನಿಂದ ಮನೋವೈದ್ಯರಿಗೆ ಪತ್ರ ಪಡೆಯಬಹುದು. ಪೊಲೀಸರ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ಪರಿಗಣಿಸಿ, ಅವರ ಆರೈಕೆಯ ಹೊಣೆಯನ್ನು ಸರ್ಕಾರಕ್ಕೆ ವಹಿಸಿದೆ. ನಿದ್ದೆಗೇಡು ಮತ್ತು ಕುಡಿತ ಎರಡನ್ನೂ ವೈದ್ಯರಿಗೆ ಮರೆಮಾಚದೆ ತಿಳಿಸಿ. ನಿದ್ದೆ ಬರಲೆಂದು ಕುಡಿಯುವುದು ನಿದ್ದೆಯನ್ನೇ ಕೆಡಿಸುತ್ತದೆ, ತಡೆಯುವ ಬುದ್ಧಿಯನ್ನೂ ಮಂಕು ಮಾಡುತ್ತದೆ.

ನೀವು ಕೇಳಿದಾಗ ಅಣ್ಣ "ಹೌದು" ಎಂದರೆ, ಅದರಲ್ಲೂ ಹೇಗೆ, ಯಾವಾಗ ಎಂದು ಯೋಚಿಸಿದ್ದೇನೆ ಎಂದರೆ, ಆ ಕ್ಷಣದಿಂದ ಅವನನ್ನು ಒಂಟಿಯಾಗಿ ಬಿಡದೆ ಅಂದೇ ಹತ್ತಿರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದಾರಿಯಲ್ಲಿ ಇಬ್ಬರು ಜೊತೆಗಿರಲಿ. "ಇಲ್ಲ" ಎಂದರೂ ಈ ವಾರದೊಳಗೆ ಮನೋವೈದ್ಯರ ಭೇಟಿ ಆಗಬೇಕು, ಮತ್ತು ನಾಲ್ಕು ದಿನ ಬಿಟ್ಟು ಮತ್ತೊಮ್ಮೆ ಕೇಳಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಕೆಲಸ ಮಾಡುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಸೇನಾ ಸಿಬ್ಬಂದಿ ಮತ್ತು ಅವರ ಕುಟುಂಬಗಳಿಗೆಂದೇ ಅದರ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರ್‌ನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಗಿದೆ. ಅಣ್ಣ ಕರೆ ಮಾಡಲು ಒಪ್ಪದಿದ್ದರೆ ನೀವೇ ಮಾಡಿ, ಅತ್ತಿಗೆಯವರೂ ಮಾಡಲಿ. ಅವರೂ ಎರಡು ತಿಂಗಳಿನಿಂದ ಸರಿಯಾಗಿ ನಿದ್ದೆ ಮಾಡಿರಲಾರರು. ಚೀಟಿ ಬರೆಯುವ ದಿನ ಅದರ ಕೊನೆಯ ಸಾಲಿನಲ್ಲಿ ಆ ಐದಂಕಿಯ ನಂಬರು ಇರಲಿ, ಅದರ ಮೇಲಿನ ಸಾಲಿನಲ್ಲಿ ನಿಮ್ಮ ಹೆಸರು, ಅಣ್ಣನದೇ ಕೈಬರಹದಲ್ಲಿ.